ಸುಭಾನಸಾಬನ ಕಿರುಬೆರಳು

ಗೋಕಾಕದಲ್ಲಿ ಅಪ್ಪಣ್ಣ ಸಾವಕಾರರ ಬಾಬಿನ್ ಕಾರಖಾನೆ ಎಂದರೆ ಒಂದು ತಗಡಿನ ಚಪ್ಪರ, ಅದರ ಕೆಳಗೆ ನಾಲ್ಕಾರು ಲೇಥು, ಒಂದು ಆಯಿಲ್ ಇಂಜಿನ್ನು, ಮತ್ತು ಇಂಜಿನ್ನಿನ ಸಪ್ಪಳಕ್ಕೆ ಲೆಕ್ಕ ತಪ್ಪುವ ಒಬ್ಬ ಕಾರಕೂನ. ಆ ಕಾರಕೂನ ನಾನು. ಇಂಜಿನ್ನು ಬಂದಾದ ದಿನವೂ ನನ್ನ ಲೆಕ್ಕ ತಪ್ಪುತ್ತಿತ್ತೆಂದು ಸಾವಕಾರರು ಹೇಳುತ್ತಿದ್ದರು. ಅವರು ಸುಳ್ಳು ಹೇಳುವ ಜಾಯಮಾನದವರಲ್ಲ.

ಗಿರಣಿಯಲ್ಲಿ ನೂಲು ಸುತ್ತಿಕೊಳ್ಳುವ ಕಟ್ಟಿಗೆಯ ಕೊಳವೆಗೆ ಬಾಬಿನ್ ಎನ್ನುತ್ತಾರೆ. ಅದರ ನಡುವೆ ಒಂದು ತೂತು. ಆ ತೂತು ಗಿರಣಿಯ ಉಕ್ಕಿನ ಕದಿರಿನ ಮೇಲೆ ಸರಿಯಾಗಿ ಕೂಡಬೇಕು. ಬಿಗಿಯಾದರೆ ಬಾಬಿನ್ ಇಳಿಯುವುದಿಲ್ಲ. ಸಡಿಲಾದರೆ ಕದಿರು ತಿರುಗುವಾಗ ಅದು ಕುಣಿಯುತ್ತದೆ, ನೂಲು ಹರಿಯುತ್ತದೆ, ಗಿರಣಿಯವರು ಬೈಯುತ್ತಾರೆ. ಬಿಗಿಗೂ ಸಡಿಲಿಗೂ ನಡುವೆ ಇರುವ ಜಾಗ ಒಂದು ಕೂದಲೆಳೆಯಷ್ಟು. ಆ ಜಾಗವನ್ನು ನಮ್ಮ ಕಾರಖಾನೆಯಲ್ಲಿ ಹುಡುಕಿ ಕೊಡುತ್ತಿದ್ದದ್ದು ಸುಭಾನಸಾಬನ ಬಲಗೈ ಕಿರುಬೆರಳು.

ಬಾಗಿಲ ಬಳಿ, ಬೆಳಕು ಬೀಳುವಲ್ಲಿ, ಒಂದು ಮಣೆ ಹಾಕಿಕೊಂಡು ಅವನು ಕೂಡುತ್ತಿದ್ದ. ಎಡಕ್ಕೆ ಲೇಥಿನಿಂದ ಬಂದ ಬಾಬಿನ್ನಿನ ಬುಟ್ಟಿ. ಒಂದನ್ನು ಎತ್ತಿ, ಕಿರುಬೆರಳನ್ನು ತೂತಿಗೆ ಹಾಕಿ, ಕೀಲಿ ತಿರುವಿದಂತೆ ಒಮ್ಮೆ ತಿರುವಿ ತೆಗೆಯುವನು. ಸರಿ ಇದ್ದರೆ ಬಲಗಡೆಯ ಬುಟ್ಟಿಗೆ. ಇಲ್ಲದಿದ್ದರೆ ಹಿಂದಕ್ಕೆ, ನೋಡದೇ ಎಸೆತ. ಹಿಂದೆ ಬಿದ್ದದ್ದು ಒಲೆಗೆ ಹೋಗುವ ಕಟ್ಟಿಗೆ. ಅವನಪ್ಪನೂ ಕಟ್ಟಿಗೆ ತಿರುವುವ ಖರಾದಿಯೇ. ತೊಟ್ಟಿಲ ಗಿಲಕಿ, ಬುಗುರಿ, ಲಟ್ಟಣಿಗೆ ತಿರುವಿ ತಿರುವಿ ಸತ್ತ ಮನುಷ್ಯ. ಆಟಿಗೆಯ ಬಂಡಿಯ ಗಾಲಿಗೆ ಅಚ್ಚು ಕೂಡಿಸುವಾಗ ಮಗನ ಬೆರಳು ಹಾಕಿಸಿ ನೋಡುತ್ತಿದ್ದನಂತೆ. ವಿದ್ಯೆ ಅಲ್ಲಿಂದ ಬಂದದ್ದು.

ಆ ಬೆರಳಿಗೆ ಊರಲ್ಲಿ ಹೆಸರಿತ್ತು. ಕೊಳಲು ಮಾಡುವವನು ತೋರಿಸಲು ಬರುತ್ತಿದ್ದ, ಬಂಡಿಯ ಗಾಲಿಯ ಗುಂಬ ಕೊರೆಸಿದವನು ಬರುತ್ತಿದ್ದ. ನನ್ನ ಹೆಂಡತಿ ಗೌರವ್ವ ಬೀಸುವ ಕಲ್ಲಿನ ಗೂಟ ಅಲುಗುತ್ತದೆ ಎಂದು ಒಮ್ಮೆ ಅವನನ್ನೇ ಕರೆಸಿದಳು. ಮನೆಯಲ್ಲಿ ಒಬ್ಬ ಗಂಡ ಇದ್ದಾನೆಂಬುದು ಅವಳಿಗೆ ಆ ಹೊತ್ತಿಗೆ ನೆನಪಾಗಲಿಲ್ಲ. ನೆನಪಾಗಿದ್ದರೂ ಸುಭಾನಸಾಬನನ್ನೇ ಕರೆಸುತ್ತಿದ್ದಳು.

ಆರಿಸಿದ ಬಾಬಿನ್ನುಗಳನ್ನು ಚೀಲಕ್ಕೆ ತುಂಬುವವಳು ಯಮನವ್ವ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಸುಭಾನಸಾಬನಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಇಬ್ಬರ ನಡುವೆ ಇದ್ದದ್ದು ಒಂದೇ ಬುಟ್ಟಿ, ಅದರ ಮೇಲೆ ದಿನವಿಡೀ ಮಾತು.

"ಏ ಸಾಬಾ, ಪಗಾರ ನಿನಗ ಕೊಡತಾರೋ, ನಿನ್ನ ಬೆರಳಿಗೋ?"

"ಬೆರಳಿಗೆ ಪಗಾರ, ನನಗ ಬರೇ ಊಟ, ಯಮನಕ್ಕ. ನಿನ್ನ ನಾಲಿಗಿಗೆ ಏನೂ ಕೊಡೂದಿಲ್ಲೇನ ಸಾವಕಾರ್ರು?"

"ನಾಲಿಗಿ ಕಾಯಕ ನಾ ಪುಕ್ಕಟ ಮಾಡತೇನಿ. ಬಸವಣ್ಣನ ಸೇವಾ."

ಯುದ್ಧ ಶುರುವಾಗಿ ವಿಲಾಯತಿಯ ಬಾಬಿನ್ ಬರುವುದು ನಿಂತಿತು. ಅಲ್ಲಿಯತನಕ ನಮ್ಮನ್ನು ಲಟ್ಟಣಿಗೆಯವರು ಎಂದು ಕರೆಯುತ್ತಿದ್ದ ದೂರದ ಒಂದು ಗಿರಣಿಯವರು ಈಗ ಅಪ್ಪಣ್ಣ ಸಾವಕಾರರನ್ನು ಹೆಸರು ಹಿಡಿದು ಕೇಳತೊಡಗಿದರು. ಎರಡು ವರ್ಷ ಮಾಲು ಸರಾಗ ಹೋಯಿತು. ಮೂರನೆಯ ಮಳೆಗಾಲದಲ್ಲಿ, ಶ್ರಾವಣದ ಜಿಟಿಜಿಟಿ ಹಿಡಿದಾಗ, ಹೋದ ಚೀಲಗಳು ಬಾಯಿ ಹೊಲಿದಂತೆಯೇ ತಿರುಗಿ ಬಂದವು. ಅವುಗಳ ಹಿಂದೆ ಗಿರಣಿಯ ಮನುಷ್ಯನೊಬ್ಬ ಬಂದ. ಕೊಡೆ ಮಡಚಿ, ನೀರು ಕೊಡವಿ, ಒಂದು ಬಾಬಿನ್ನನ್ನು ತನ್ನ ಜೊತೆ ತಂದ ಕದಿರಿನ ಮೇಲೆ ಹಾಕಿ ಅಲುಗಿಸಿ ತೋರಿಸಿದ. ಗಂಟೆಯ ನಾಲಿಗೆಯಂತೆ ಅದು ಕಟಕಟ ಎಂದಿತು.

"ಇದನ್ನ ಯಾರ ಪಾಸ್ ಮಾಡ್ಯಾರ?"

ಸಾವಕಾರರು ಸುಭಾನಸಾಬನ ಕಡೆ ಕೈ ಮಾಡಿದರು. "ಬೆರಳಿಂದ ನೋಡತಾನ್ರಿ. ಇಪ್ಪತ್ತ ವರ್ಷದ ಬೆರಳ ಅದು."

"ಬೆರಳು ಗಿರಣಿಗೆ ಗೊತ್ತಿಲ್ರಿ. ಗೇಜು ಇಟಗೋರಿ. ಗೇಜಿನಾಗ ಪಾಸಾಗಿದ್ದಷ್ಟ ಕಳಸ್ರಿ. ಇನ್ನೆರಡ ಸಲಾ ನೋಡತೇವಿ, ಆಮ್ಯಾಲೆ ಬ್ಯಾರೆ ಕಡೆ ಮಾಡಸ್ತೇವಿ."

ಅವನು ಹೋದ ಮೇಲೆ ಚಪ್ಪರದಲ್ಲಿ ಮಳೆಯ ಸಪ್ಪಳವೇ ದೊಡ್ಡದಾಯಿತು. ಸುಭಾನಸಾಬ ತಿರುಗಿ ಬಂದ ಬಾಬಿನ್ನುಗಳಲ್ಲಿ ಒಂದನ್ನು ಎತ್ತಿ ಬೆರಳು ಹಾಕಿದ, ತಿರುವಿದ. "ಸರಿ ಐತ್ರಿ" ಅಂದ. ಇನ್ನೊಂದು ಎತ್ತಿದ. ಅದೂ ಸರಿ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಗಲಿಬಿಲಿ ಇತ್ತು. ಲೇಥು ಹಿಡಿಯುವುದನ್ನು ಅವನು ಬಿಟ್ಟು ಎಷ್ಟೋ ಕಾಲವಾಗಿತ್ತು, ಕಣ್ಣು ಅದಕ್ಕೆ ಸಾಲುತ್ತಿರಲಿಲ್ಲ. ಬಾಗಿಲ ಬಳಿಯ ಮಣೆ ಹೋದರೆ ಈ ಚಪ್ಪರದ ಕೆಳಗೆ ಅವನಿಗೆ ಕೂಡಲು ಬೇರೆ ಜಾಗವಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಗೇಜು ತರಲು ಬೆಳಗಾವಿಗೆ ನನ್ನನ್ನು ಕಳಿಸಿದರು. ಗೇಜು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಕೇಳುವುದರಲ್ಲಿ ಮಾತ್ರ ನನಗೆ ರೂಢಿ ಇತ್ತು. ಯಂತ್ರದ ಸಾಮಾನಿನ ಅಂಗಡಿಯ ಮುದುಕ ನನ್ನನ್ನು ಒಂದು ಸಲ ನೋಡಿ, ನಾನು ಎಷ್ಟರವನು ಎಂದು ಯಾವ ಗೇಜೂ ಇಲ್ಲದೇ ಅಳೆದುಬಿಟ್ಟ. ಗಿರಣಿಯವರು ಕೊಟ್ಟ ಅಳತೆಗೆ ಎರಡು ತುಂಡು ತಂದು ಮುಂದಿಟ್ಟ. ಗೇಣುದ್ದದ ಗುಂಡು ಕೋಲು, ನಡುವೆ ಹಿಡಿಕೆ, ಎರಡೂ ಕಡೆ ನುಣುಪಾದ ತುದಿ. ಒಂದು ಹಿತ್ತಾಳೆಯದು, ಒಂದು ಉಕ್ಕಿನದು.

"ಈ ತುದಿ ತೂತಿನಾಗ ಹೋಗಬೇಕು. ಆ ತುದಿ ಹೋಗಬಾರದು. ಎರಡೂ ಹೋದರ ಸಡ್ಲ, ಎರಡೂ ಹೋಗಲಿಲ್ಲಂದರ ಬಿಗಿ. ತಿಳೀತ?"

ತಿಳಿಯಿತು. ಬೀಗರ ಮನೆಯಲ್ಲಿ ನನಗೂ ಹಾಗೆಯೇ. ಪಡಸಾಲೆಯವರೆಗೆ ಹೋಗಬಹುದು, ಅಡಿಗೆಮನೆಗೆ ಹೋಗಬಾರದು.

"ಯಾವುದು ಛಲೋ?"

"ಹಿತ್ತಾಳಿ ಮೆತ್ತಗ. ಸಾವಿರ ತೂತಿನಾಗ ತಿಕ್ಕಿದರ ಸವೀತೈತಿ. ಸವದ ಮ್ಯಾಲೆ ಸರಿ ಇದ್ದದ್ದನ್ನ ಸಡ್ಲ ಅಂತೈತಿ, ಬಿಗಿ ಇದ್ದದ್ದನ್ನ ಸರಿ ಅಂತೈತಿ, ಬಾಯಿಗೆ ಬಂದದ್ದ ಹೇಳತೈತಿ. ಉಕ್ಕು ಸವ್ಯಾಂಗಿಲ್ಲ. ಎಣ್ಣಿ ಹಚ್ಚಬೇಕು, ಕೆಡವಬಾರದು, ಅಷ್ಟ. ಊರಾಗ ಕಟ್ಟಿಗೀದ ಮಾಡ್ಸಗೋತೀರೇನ? ಬ್ಯಾಡ. ಕೈ ಬೆವರ ಕುಡದು ಉಬ್ಬತೈತಿ."

ನಾನು ಎರಡನ್ನೂ ತಂದೆ, ಮುದುಕನ ಮಾತನ್ನೂ ತಂದೆ. ಆದರೆ ನಾನು ಬರುವಷ್ಟರಲ್ಲಿ ಸಾವಕಾರರು ಕಟ್ಟಿಗೆಯ ಗೇಜನ್ನೂ ಮಾಡಿಸಿ ಇಟ್ಟಿದ್ದರು. ನಮ್ಮದೇ ಲೇಥು, ನಮ್ಮದೇ ಜಾಲಿ ಕಟ್ಟಿಗೆ, ಮೇಲೆ ಅರಗಿನ ಹೊಳಪು. ನೋಡಲು ಮೂರರಲ್ಲಿ ಅದೇ ಚೆಂದ.

ಈಗ ಯಾವುದನ್ನು ಇಟ್ಟುಕೊಳ್ಳುವುದು? ಅಪ್ಪಣ್ಣ ಸಾವಕಾರರು ನ್ಯಾಯವಂತರು. ಒಬ್ಬರೇ ಕುಳಿತು ತೀರ್ಮಾನ ಮಾಡುವವರಲ್ಲ. ಎಲ್ಲರನ್ನೂ ಕರೆದು, ಮೂರು ಗೇಜನ್ನೂ ಒಂದು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಸುಭಾನಸಾಬನ ಮುಂದಿಟ್ಟರು.

"ನೀ ಪಾಸ್ ಮಾಡಿದ್ದನ್ನ ಯಾವ ಗೇಜು ಪಾಸ್ ಮಾಡತೈತಿ, ಅದ ಖರೆ ಗೇಜು. ನೋಡು."

ಇದರಲ್ಲಿ ತಪ್ಪೇನಿದೆ ಎಂದು ಅಂದು ನಮ್ಮಲ್ಲಿ ಯಾರಿಗೂ ಅನಿಸಲಿಲ್ಲ. ಊರಿಗೆ ಹೊಸ ವೈದ್ಯ ಬಂದರೆ ಹಳೆಯ ವೈದ್ಯನನ್ನೇ ಕೇಳುವ ಜನ ನಾವು. ಸುಭಾನಸಾಬ ಒಂದೊಂದೇ ಬಾಬಿನ್ನಿಗೆ ಬೆರಳು ಹಾಕಿದ, ಆಮೇಲೆ ಗೇಜು ಹಾಕಿದ. ಬೆರಳು ಸರಿ ಎಂದದ್ದನ್ನು ಉಕ್ಕು ಸಡಿಲು ಎಂದಿತು. ಹಿತ್ತಾಳೆಯೂ ಸಡಿಲು ಎಂದಿತು. ಕಟ್ಟಿಗೆಯದು ಮಾತ್ರ ಬೆರಳು ಹೇಳಿದ್ದನ್ನೇ ಹೇಳಿತು. ಹೇಳದೇ ಏನು ಮಾಡೀತು? ಲೇಥಿನವನು ಅದನ್ನು ತಿರುವುವಾಗ ಸುಭಾನಸಾಬನನ್ನೇ ಹತ್ತಿರ ಕೂಡಿಸಿಕೊಂಡು, ಅವನು ಪಾಸು ಮಾಡಿದ ಬಾಬಿನ್ನಿಗೆ ಸರಿಯಾಗಿ ಕೂಡುವಷ್ಟು ದಪ್ಪ ಮಾಡಿದ್ದ.

"ಉಕ್ಕು ವಿಲಾಯತೀದು" ಎಂದು ಸಾವಕಾರರು ತೀರ್ಪು ಕೊಟ್ಟರು. "ನಮ್ಮ ಮಳಿ ಅದಕ್ಕ ಗೊತ್ತಿಲ್ಲ."

"ಹಿತ್ತಾಳಿ ನಮ್ಮದ ಅಲ್ರಿ?" ಎಂದು ಯಮನವ್ವ ಕೇಳಿದಳು.

"ಹಿತ್ತಾಳಿ ಉಕ್ಕಿನ ಮಾತ ಕೇಳಿ ಕೆಟ್ಟೈತಿ."

ಬೆಳಗಾವಿಯ ಮುದುಕ ಹೇಳಿದ್ದನ್ನು ನಾನು ಹೇಳಿದೆ. ಸಾವಕಾರರು ನನ್ನ ಲೆಕ್ಕದ ಕಡೆ ಒಂದು ಸಲ ನೋಡಿದರು. ಸುಭಾನಸಾಬನ ಮುಖ ಅಂದು ಎಷ್ಟೋ ದಿನಕ್ಕೆ ತಿಳಿಯಾಗಿತ್ತು. ಸಂಜೆ ಹೋಗುವಾಗ ಕಟ್ಟಿಗೆಯ ಗೇಜನ್ನು ಧೋತರದ ಚುಂಗಿನಿಂದ ಒರೆಸಿ, ಗೂಡಿನಲ್ಲಿ ಇಟ್ಟು ಹೋದ.

ಆ ಮಾಲು ಹದಿನೈದು ದಿನಕ್ಕೆ ತಿರುಗಿ ಬಂತು. ಮೊದಲಿಗಿಂತ ಹೆಚ್ಚು ಸಡಿಲು. ಕೈಯಲ್ಲಿ ಆಡಿ ಆಡಿ, ಬೆವರು ಕುಡಿದು, ನಮ್ಮ ಚೆಂದದ ಗೇಜು ಬಸುರಿಯಂತೆ ಉಬ್ಬಿತ್ತು. ಗಿರಣಿಯ ಮನುಷ್ಯ ಈ ಸಲ ಕೊಡೆ ಮಡಚಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದ. "ಇನ್ನ ಒಂದ ಸಲಾ, ಸಾವಕಾರ್ರ."

ಅಂದು ಸಾವಕಾರರು ಉಕ್ಕಿನ ಗೇಜನ್ನು ಪೆಟ್ಟಿಗೆಯಿಂದ ತೆಗೆದು ಎಣ್ಣೆ ಒರೆಸಿ ತಂದು ಸುಭಾನಸಾಬನ ಮಣೆಯ ಬಳಿ ಕುಳಿತರು. ಅವರು ಹಾಗೆ ನೆಲಕ್ಕೆ ಕುಳಿತದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಸುಭಾನಸಾಬ, ಇನ್ನ ಇದರಿಂದ ನೋಡೂನು."

"ನೋಡ್ರಿ. ಆದರ ಒಮ್ಮೆ ಎಲ್ಲಾರ ಮುಂದ ನನ್ನ ಬೆರಳನ್ನೂ ನೋಡ್ರಿ" ಎಂದು ಸುಭಾನಸಾಬ ಹೇಳಿದ. ದನಿ ಮೆತ್ತಗಿತ್ತು. "ಈಗಷ್ಟ ಲೇಥಿನಿಂದ ಬಂದ ಬುಟ್ಟಿ ತರಸ್ರಿ. ನಾ ಮದಲ ಹೇಳತೇನಿ, ನೀವು ಹಿಂದ ಗೇಜು ಹಾಕ್ರಿ. ನನ್ನ ಬೆರಳ ಸುಳ್ಳಂದರ ನಾನ ಏಳತೇನಿ. ನೀವು ಏಳಸೂದ ಬ್ಯಾಡ."

ಬುಟ್ಟಿ ಬಂತು. ಇಂಜಿನ್ನು ನಿಲ್ಲಿಸಿ ಎಲ್ಲರೂ ಸುತ್ತ ನಿಂತರು. ಅವನು ಎತ್ತಿ, ತಿರುವಿ, "ಸರಿ" ಎಂದು ಕೊಡುವನು. ಸಾವಕಾರರು ಗೇಜು ಹಾಕುವರು. ಎರಡೂ ತುದಿ ಸಲೀಸಾಗಿ ಹೋಗುವವು. ಸಾವಕಾರರು ಅದನ್ನು ಬಾಜೂಕ್ಕೆ ಇಡುವರು. ಮತ್ತೊಂದು. ಅದೂ ಹಾಗೆಯೇ. ಸುಭಾನಸಾಬ ಈಗ ಬೆರಳನ್ನು ಒಂದಕ್ಕೆರಡು ಸಲ ತಿರುವತೊಡಗಿದ. ಒತ್ತಿ ತಿರುವತೊಡಗಿದ. ಒಳಗಿನಿಂದ ಏನೋ ಸುದ್ದಿ ಬರಬೇಕು, ಬರುತ್ತಿಲ್ಲ ಎನ್ನುವಂತೆ ಕಣ್ಣು ಮುಚ್ಚಿಕೊಂಡು ತಿರುವತೊಡಗಿದ.

ಸ್ವಲ್ಪ ಹೊತ್ತಿಗೆ ಸಾವಕಾರರ ಕೈಯಲ್ಲಿದ್ದ ಬಾಬಿನ್ನಿನ ಬಾಯಿ ಕೆಂಪಗೆ ಕಂಡಿತು. ಅದರ ಮುಂದಿನದೂ ಕೆಂಪು. ಸುಭಾನಸಾಬ ಕಣ್ಣು ತೆರೆದು ಬುಟ್ಟಿಯ ಕಡೆ ನೋಡಿದ, ಸಿಟ್ಟಾದ.

"ಯಾಂವ ಇದರಾಗ ಎಲಿಅಡಿಕಿ ಉಗುಳ್ಯಾನ? ಹೊಟ್ಟಿಗೆ ಅನ್ನ ತಿನ್ನತೀರಿಲ್ಲೋ? ಗಿರಣಿಗೆ ಹೋಗೂ ಮಾಲ ಇದು."

ಅವನು ಬೈಯುತ್ತಲೇ ಇನ್ನೊಂದನ್ನು ಎತ್ತಿ ಬೆರಳು ಹಾಕಿದ. ಯಾವುದೋ ತೂತಿನೊಳಗೆ ಎದ್ದು ನಿಂತಿದ್ದ ಸಿಬಿರು ಅವನ ಕಿರುಬೆರಳಿನಲ್ಲಿ ಉಗುರಿನ ಬುಡದವರೆಗೆ ಹೊಕ್ಕು ಮುರಿದಿತ್ತು. ರಕ್ತ ಅಂಗೈಗಿಳಿದು, ಮಣಿಕಟ್ಟಿಗಿಳಿದು, ಮಣೆಯ ಮೇಲೆ ಹನಿಯುತ್ತಿತ್ತು. ಸುತ್ತ ನಿಂತ ಎಲ್ಲರಿಗೂ ಕಾಣುತ್ತಿತ್ತು. ಅವನಿಗೊಬ್ಬನಿಗೇ ಗೊತ್ತಿರಲಿಲ್ಲ.

ಯಮನವ್ವ ಮೆಲ್ಲಗೆ ಹೇಳಿದಳು. "ಸಾಬಾ, ಕೈ ನೋಡಕೋ."

ಅವನು ನೋಡಿಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ಎಡಗೈಯಿಂದ ಸಿಬಿರನ್ನು ಹಿಡಿದು ಎಳೆದ. ಅದು ಹೊರಗೆ ಬರುವಾಗ ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಗುಂಪಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ನೋವಾಗದ ಬೆರಳು ಎಂದರೆ ಏನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದರ ಹೆಸರು ಹೇಳುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ಅದಕ್ಕಿಂತ ಸಣ್ಣದನ್ನೆಲ್ಲ ಹೆಸರಿಟ್ಟೇ ಕರೆಯುತ್ತಾರೆ.

ಮರುದಿನ ಅವನ ಹೆಂಡತಿ ಶರೀಫಾಬಿ ನನ್ನ ಹತ್ತಿರ ಬಂದಳು. ಸರಕಾರಿ ದವಾಖಾನೆಗೆ ಜೊತೆಗೆ ಬರಬೇಕೆಂದು ಕೇಳಿದಳು. ದಾರಿಯಲ್ಲಿ ಅವನು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಾಗ ಅವಳು ಹೇಳಿದಳು.

"ಹ್ವಾದ ವರ್ಷದಿಂದ ಬೆರಳಿಗೆ ಜೋಮ ಹಿಡದೈತ್ರಿ. ಕೆಲಸಾ ಮಾಡಿ ಮಾಡಿ ದಣದೈತಿ, ಬ್ಯಾಸಿಗಿ ಬಂದರ ಬಿಡತೈತಿ ಅಂತಿದ್ರು ಇವರು. ಬ್ಯಾಸಿಗಿ ಬಂತು, ಹ್ವಾತು."

ಡಾಕ್ಟರು ಮೊಣಕೈಯ ಹಿಂದೆ ಒಂದು ನರವನ್ನು ಹಿಡಿದು ನೋಡಿದರು, ಕಣ್ಣು ಮುಚ್ಚಿಸಿ ಗರಿಯಿಂದ ಬೆರಳು ಸವರಿದರು, ಸೂಜಿಯಿಂದ ಚುಚ್ಚಿದರು. ಚುಚ್ಚಿದ್ದೆಲ್ಲಿ ಎಂದರೆ ಅವನಿಗೆ ಹೇಳಲಾಗಲಿಲ್ಲ. ಎಣ್ಣೆಯ ಇಂಜಕ್ಷನ್ನು ವಾರವಾರ ತಗೊಳ್ಳಬೇಕು ಎಂದರು. ಈ ಬಗೆಯದು ಇನ್ನೊಬ್ಬರಿಗೆ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ, ಕೆಲಸಕ್ಕೆ ಹೋಗಲಿ ಎಂದೂ ಹೇಳಿದರು. ಅದನ್ನು ನಾನು ಕಾರಖಾನೆಯಲ್ಲಿ ಮೂರು ಸಲ ಹೇಳಿದೆ. ನನ್ನ ಮಾತಿಗೆ ಅಲ್ಲಿದ್ದ ಬೆಲೆ ಹಿಂದೆಯೇ ಹೇಳಿದ್ದೇನೆ.

ಅಪ್ಪಣ್ಣ ಸಾವಕಾರರು ಅವನನ್ನು ಬಿಡಿಸಲಿಲ್ಲ. "ಏಳತೇನಿ ಅಂದಿದ್ದೆ" ಎಂದು ಅವನು ಎದ್ದು ನಿಂತಾಗ ಅವರೇ ಕೂಡು ಎಂದರು. "ಬೆರಳ ಹೋದರ ಹೋಗಲಿ. ಗೇಜು ಐತಿ, ಎಡಗೈ ಐತಿ. ಗೇಜು ಹಿಡಿಯಾಕ ಒಬ್ಬ ಬೇಕಲ್ಲ." ಅವನು ಉಕ್ಕಿನ ಗೇಜು ಹಿಡಿದು ಅದೇ ಮಣೆಯ ಮೇಲೆ ಕುಳಿತ. ಹೋಗುವ ತುದಿ, ಹೋಗಬಾರದ ತುದಿ. ಎರಡೇ ದಿನದಲ್ಲಿ ಕೈ ಕುದುರಿತು. ಸಂಜೆ ಗೇಜಿಗೆ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಇಡುವನು.

ಆದರೆ ಲೇಥಿನವರಿಗೂ ನಡುನಡುವೆ ತೂತು ನೋಡಿಕೊಳ್ಳಲು ಗೇಜು ಬೇಕಾಗುತ್ತಿತ್ತು. ಮೊದಲಾದರೆ ಬಾಬಿನ್ ತಂದು ಅವನ ಬೆರಳ ಮುಂದೆ ಹಿಡಿಯುತ್ತಿದ್ದರು. ಈಗ ಅವನು ಗೇಜು ಚಾಚಿದರೆ, "ಇರಲಿ ಬಿಡ್ರಿ, ಆಮ್ಯಾಲೆ ನೋಡತೇವಿ" ಎಂದು ಹೊರಟುಹೋಗುವರು. ಮೂರು ದಿನ ಕಳೆದು ಸಾವಕಾರರು ನನ್ನನ್ನು ಮತ್ತೆ ಬೆಳಗಾವಿಗೆ ಕಳಿಸಿದರು, ಇನ್ನೊಂದು ಉಕ್ಕಿನ ಗೇಜು ತರಲು. ಅಂಗಡಿಯ ಮುದುಕ ಕೇಳಿದ. "ಅಷ್ಟರಾಗ ಸವೀತೇನ್ರಿ? ನಾ ಕೊಟ್ಟ ಉಕ್ಕು ಹಂಗ ಸವ್ಯಾಂಗಿಲ್ಲ."

ಉಕ್ಕಿನಲ್ಲಿ ದೋಷವಿಲ್ಲ ಎಂದೆ.

ಎರಡನೆಯ ಗೇಜು ಬಂದು ಲೇಥುಗಳ ಬಳಿ ಮೊಳೆಗೆ ತೂಗಿದ ದಿನ ಸುಭಾನಸಾಬ ಅದರ ಕಡೆ ಒಮ್ಮೆ ನೋಡಿದ. "ಛಲೋ ಆತು. ಒಂದ ಕಳದರ ಇನ್ನೊಂದ ಇರತೈತಿ" ಎಂದ. ಅವನ ಬುಟ್ಟಿಯಿಂದ ಬಾಬಿನ್ನುಗಳನ್ನು ತೆಗೆದು ಚೀಲಕ್ಕೆ ಹಾಕುವವಳು ಈಗಲೂ ಯಮನವ್ವನೇ, ಆ ಕೆಲಸ ಅವಳು ಬಿಡಲಿಲ್ಲ. ಆದರೆ ಯಾವಾಗಿನಿಂದಲೋ ಸೀರೆಯ ಸೆರಗನ್ನು ಕೈಗೆ ಸುತ್ತಿಕೊಂಡು ತೆಗೆಯುತ್ತಿದ್ದಳು. ಥಂಡಿ ಎಂದು ಹೇಳುತ್ತಿದ್ದಳು. ಥಂಡಿ ಇದ್ದದ್ದೂ ಖರೆ.

ಕೊನೆಯ ಸಲದ ಮಾಲು ಹೋಯಿತು. ಈ ಸಲ ಚೀಲ ತಿರುಗಿ ಬರಲಿಲ್ಲ, ಗಿರಣಿಯ ಮನುಷ್ಯ ಬಂದ. ಒಂದೂ ಕುಣಿಯಲಿಲ್ಲ, ಒಂದೂ ಸಿಕ್ಕಿಬೀಳಲಿಲ್ಲ, ವರ್ಷದ ಮಾಲು ನಿಮ್ಮದೇ ಎಂದ. ಯಾರು ಆರಿಸಿದರು ಎಂದು ಕೇಳಿ, ಸುಭಾನಸಾಬನ ಕಡೆ ತಿರುಗಿ ತಲೆ ಬಾಗಿಸಿದ. ಬೆರಳಿನ ಸಂಗತಿ ಗಿರಣಿಯವನಿಗೆ ಏನೂ ಗೊತ್ತಿರಲಿಲ್ಲ.

ಸಾವಕಾರರು ಪೇಢೆ ತರಿಸಿದರು. ತಾವೇ ತಟ್ಟೆ ಹಿಡಿದು ಒಬ್ಬೊಬ್ಬರ ಅಂಗೈಯಲ್ಲಿ ಎರಡೆರಡು ಇಡುತ್ತ ಬಂದರು. ಲೇಥಿನವರಿಗೆ, ಇಂಜಿನ್ನಿನವನಿಗೆ, ನನಗೆ, ಯಮನವ್ವನಿಗೆ. ಸುಭಾನಸಾಬ ಎದ್ದು ನಿಂತು ಎಡಗೈ ಚಾಚಿದ್ದ. ಬಲಗೈಯನ್ನು ಅವನು ಆಗಲೇ ಬೆನ್ನ ಹಿಂದೆ ಇಟ್ಟುಕೊಳ್ಳುವ ರೂಢಿ ಮಾಡಿಕೊಂಡಿದ್ದ. ಸಾವಕಾರರು ಪೇಢೆ ಎತ್ತಿದರು, ಆ ಅಂಗೈಯ ಮೇಲಕ್ಕೆ ತಂದರು. ಅಲ್ಲಿ ಅವರ ಕೈ ನಿಂತಿತು. ಆಮೇಲೆ ಬಾಗಿ, ಒಂದು ಎಲೆ ತುಂಡು ಹುಡುಕಿ, ಅದರ ಮೇಲೆ ಪೇಢೆ ಇಟ್ಟು, ಎಲೆಯನ್ನು ಮಣೆಯ ಮೇಲಿಟ್ಟರು. ಎರಡರ ಜಾಗದಲ್ಲಿ ನಾಲ್ಕು ಇಟ್ಟರು.

"ಮನಿಗೆ ಒಯ್ಯಿ. ಶರೀಫಾಬಿಗೂ ಕೊಡು" ಎಂದರು.

"ಹೂನ್ರಿ" ಎಂದು ಅವನು ಎಲೆಯನ್ನು ಮಡಚಿದ. ಗೇಜಿಗೆ ಎಣ್ಣೆ ಹಚ್ಚಿ ಸುತ್ತಿಟ್ಟ. ಎಲ್ಲರಿಗೂ ಹೇಳಿ ಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮನೆಗೆ ಹೋದರೆ ಕದಕ್ಕೆ ಕೀಲಿ. ಶರೀಫಾಬಿಯ ತಮ್ಮನ ಹೊಲ ಮಸಗುಪ್ಪಿಯಲ್ಲಿ ಇದೆ, ಅಲ್ಲಿ ಗುಡಿಸಲು ಹಾಕಿಕೊಂಡರಂತೆ ಎಂದು ನೆರೆಯವರು ಹೇಳಿದರು. ಸಾವಕಾರರು ಎರಡು ದಿನ ಯಾರ ಮೇಲೂ ಸಿಟ್ಟಾಗಲಿಲ್ಲ. ಮೂರನೆಯ ದಿನ ನನ್ನ ಹತ್ತಿರ ಬಂದು ಕುಳಿತರು.

"ನಾ ಬೇಕಂತ ಮಾಡಲಿಲ್ಲೋ. ಕೈ ತಾನ ಹಿಂದ ಸರೀತು" ಎಂದರು.

ನಾನು ಲೆಕ್ಕ ಕೂಡಿಸುತ್ತಿದ್ದೆ. ಎಲ್ಲಿಯವರೆಗೆ ಕೂಡಿಸಿದ್ದೆ ಎಂಬುದು ಮರೆತು ಮತ್ತೆ ಮೇಲಿನಿಂದ ಶುರು ಮಾಡಿದೆ.

ಬನ್ನಿ ಹಬ್ಬದ ಮರುದಿನ ಯಮನವ್ವ ಮತ್ತು ನಾನು ಬನ್ನಿ ಕೊಡುವ ನೆಪ ಮಾಡಿಕೊಂಡು ಮಸಗುಪ್ಪಿಗೆ ಹೋದೆವು. ಜೋಳದ ಹೊಲದ ಬದುವಿನಲ್ಲಿ ಗುಡಿಸಲು. ಮುಂದೆ ಅವನು ಕುಳಿತಿದ್ದ. ನಮ್ಮನ್ನು ಕಂಡು ಎದ್ದ. ನಾವು ಹತ್ತಿರ ಹೋಗುವ ಮೊದಲೇ ಕೈ ಮಾಡಿ ತಡೆದ. ಗುಡಿಸಲಿನಿಂದ ಸ್ವಲ್ಪ ದೂರದಲ್ಲಿ, ಜಾಲಿಯ ಗಿಡದ ಕೆಳಗೆ, ಎರಡು ಚಪ್ಪಟೆ ಕಲ್ಲು ಹಾಕಿದ್ದರು.

"ಅಲ್ಲೇ ಕೂಡ್ರಿ. ಬಂದವರ ಸಲುವಾಗಿನ ಹಾಕೇನಿ."

ನಾವು ಅಲ್ಲೇ ಕುಳಿತೆವು. ಯಮನವ್ವ ಬನ್ನಿಯ ಎಲೆಯನ್ನು ಕಲ್ಲಿನ ಅಂಚಿಗೆ ಇಟ್ಟು, ಹಳೆಯ ದನಿ ತಂದುಕೊಳ್ಳಲು ನೋಡಿದಳು.

"ಇಷ್ಟ ದೂರ ಕುಂಡರಿಸಿದರ ನಾ ಬೈಯೂದ ನಿನಗ ಹೆಂಗ ಕೇಳಸಬೇಕ ಸಾಬಾ?"

"ಕೇಳಸತೈತಿ, ಯಮನಕ್ಕ" ಎಂದು ಅವನು ಹೇಳಿದ. "ನನ್ನ ಹೇಣ್ತಿನ್ನ ಅಲ್ಲಿ ಇಲ್ಲಿ ಕುಂಡರಿಸಿ ಮಾತಾಡಿಸಿ ನೋಡೇನಿ. ಇನ್ನ ಮುಂದ ಬಂದರ ನೀವು ಅಂಜತೀರಿ. ಇನ್ನ ಹಿಂದ ಹ್ವಾದರ ಮಾತ ತಿಳಿಯೂದಿಲ್ಲ. ಕಲ್ಲ ಇದ್ದಲ್ಲೇ ಸರಿ ಐತಿ."

ಶರೀಫಾಬಿ ಒಳಗಿನಿಂದ ನೀರು ತಂದು ನಮ್ಮ ಕಲ್ಲಿನ ಬಳಿ ಇಟ್ಟು ಹೋದಳು. ಯಮನವ್ವ ಕಲ್ಲು ಬಿಟ್ಟು ಏಳಲಿಲ್ಲ. ನಾನೂ ಏಳಲಿಲ್ಲ. ಗಾಳಿ ಬೀಸಿ ಜೋಳದ ಎಲೆ ಸಪ್ಪಳ ಮಾಡಿದಾಗ ಮಾತು ನಿಲ್ಲಿಸುವೆವು, ಗಾಳಿ ನಿಂತ ಮೇಲೆ ಮತ್ತೆ ಶುರು ಮಾಡುವೆವು. ಹೊತ್ತು ಇಳಿಯುವವರೆಗೆ ಹಾಗೆಯೇ ಮಾತಾಡಿದೆವು. ಅವನು ಹೇಳಿದ್ದು ಖರೆ. ಒಂದು ಮಾತೂ ತಪ್ಪದೇ ಕೇಳಿಸುತ್ತಿತ್ತು.